ಬೋಳು ಕೊಂಬೆಗೆ ಹೂವಿನ ಸರದಿ

ನಮ್ಮ ಬೀದಿಯ ತುದಿಯಲ್ಲಿ ಒಂದು ಟಬೂಬಿಯಾ ಮರವಿದೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಎಲೆ ಉದುರಿಸಲು ಶುರುಮಾಡುತ್ತದೆ. ಶಿವರಾತ್ರಿಯ ಆಸುಪಾಸಿಗೆ ಎಲೆಯೇ ಕಾಣದಷ್ಟು ತಿಳಿಗುಲಾಬಿ ಗೊಂಚಲು. ಬೆಳಿಗ್ಗೆ ಆರಕ್ಕೇ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಹೆಂಗಸು ಮೊನ್ನೆ ಹೇಳಿದರು: "ಗುಡಿಸಿ ಈ ಕಡೆ ತಿರುಗೋದ್ರೊಳಗೆ ಮತ್ತೆ ಬಿದ್ದಿರತ್ತೆ ಅಕ್ಕಾ. ಆದ್ರೂ ಇದನ್ನ ಕಸ ಅನ್ನೋಕೆ ಮನಸ್ಸು ಬರಲ್ಲ."

ಅವರ ಗುಡ್ಡೆಯಿಂದ ಎರಡು ಹೂ ಎತ್ತಿಕೊಂಡೆ. ತುತ್ತೂರಿಯಂಥ ಹೂವು, ಅಂಚೆಲ್ಲ ಸುಕ್ಕುಸುಕ್ಕು. ಆಗಷ್ಟೇ ಉದುರಿದ್ದರ ಗಂಟಲಲ್ಲಿ ಅರಿಸಿನದ ಬಣ್ಣ. ಹಳೆಯದರ ಗಂಟಲು ಬೆಳ್ಳಗೆ. ಹೂವಿಗೆ ವಯಸ್ಸಾದಂತೆ ಆ ಹಳದಿ ಮಾಸುತ್ತದೆ.

ಇಷ್ಟು ನಮ್ಮದೆನಿಸುವ ಈ ಮರ ನಮ್ಮ ನೆಲದ್ದಲ್ಲ. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದ ಉತ್ತರದವರೆಗೆ ಅದರ ತವರು. ಎಲ್ ಸಾಲ್ವಡೋರ್ ದೇಶಕ್ಕೆ ಅದು ರಾಷ್ಟ್ರೀಯ ಮರ. ಅಂಥದ್ದು ಬೆಂಗಳೂರಿನ ಬೀದಿಗೆ ಬಂದು ನಿಂತ ಕತೆ ಲಾಲ್‌ಬಾಗಿನಿಂದ ಶುರುವಾಗುತ್ತದೆ. 1760ರಲ್ಲಿ ಹೈದರಾಲಿ ಕಟ್ಟಿಸಲು ಆರಂಭಿಸಿದ ತೋಟಕ್ಕೆ ಹೊರದೇಶದ ಗಿಡಗಳನ್ನು ತರಿಸುವ ರೂಢಿ ಟಿಪ್ಪುವಿನ ಕಾಲದ್ದೇ. 1874ರಲ್ಲಿ ತೋಟದ ಉಸ್ತುವಾರಿಗೆ ಬಂದ ಜಾನ್ ಕ್ಯಾಮರೂನ್ ಅದನ್ನು ಇನ್ನಷ್ಟು ಹಿಗ್ಗಿಸಿದರು. ಆದರೆ ತೋಟದ ಗೋಡೆ ದಾಟಿಸಿ ಹೂವನ್ನು ಬೀದಿಗೆ ತಂದ ಯೋಚನೆಯ ಹಿಂದೆ ಎಲ್ಲರೂ ನೆನೆಯುವ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಜರ್ಮನಿಯ ಡ್ರೆಸ್ಡೆನ್ ಸೀಮೆಯಲ್ಲಿ 1865ರಲ್ಲಿ ಹುಟ್ಟಿದವರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡದ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೇವೆಗೆ ಬಂದರು. ಅವರ ಲೆಕ್ಕಾಚಾರ ಸರಳ, ಆದರೆ ತಾಳ್ಮೆ ಬೇಡುವಂಥದ್ದು: ಯಾವ ಮರ ಯಾವ ತಿಂಗಳು ಅರಳುತ್ತದೋ ನೋಡಿ, ಒಂದೊಂದು ರಸ್ತೆಗೆ ಒಂದೊಂದು ಜಾತಿ. ಒಂದು ಸಾಲಿನ ಹೂ ಮುಗಿಯುವಾಗ ಇನ್ನೊಂದರದು ಬಿರಿಯಬೇಕು. ಟಬೂಬಿಯಾ ಇಳಿಯುವ ಹೊತ್ತಿಗೆ ಜಕರಾಂಡದ ನೇರಳೆ, ಅದರ ಬೆನ್ನಿಗೇ ಗುಲ್‌ಮೊಹರ್‌ನ ಕೆಂಪು, ಹೊಳೆದಾಸವಾಳ. ನೆಟ್ಟವರ ಆಯುಷ್ಯಕ್ಕಿಂತ ಮರದ ಆಯುಷ್ಯ ದೊಡ್ಡದೆಂದು ತಿಳಿದೇ ಹಾಕಿದ ಪಂಚಾಂಗ ಅದು. ಕೃಂಬಿಗಲ್ 1932ರಲ್ಲಿ ನಿವೃತ್ತರಾದರೂ ಊರು ಬಿಡಲಿಲ್ಲ. 1956ರಲ್ಲಿ ಇಲ್ಲೇ ತೀರಿಕೊಂಡರು.

ಆದರೆ ಇಂದು ನಾವು ಮೊಬೈಲೆತ್ತಿ ಫೋಟೊ ಹಿಡಿಯುವ ಮರಗಳೆಲ್ಲ ಅವರ ಕಾಲದವಲ್ಲ. ಊರು ಬೆಳೆದು ಹೊಸ ಬಡಾವಣೆಗಳು ಬೋಳಾಗಿ ಸುಡುತ್ತಿದ್ದ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ಬೀದಿಬೀದಿಗೆ ಇಳಿದವು. ಬಡಾವಣೆಗಳಲ್ಲಿ ಇವತ್ತು ನೆತ್ತಿಯ ಮೇಲೆ ಕಮಾನು ಕಟ್ಟಿರುವ ಎಷ್ಟೋ ಸಾಲುಗಳು ಆಗಿನವು. ಕೃಂಬಿಗಲ್ ಹೆಸರಿಗೆ ಒಂದು ರಸ್ತೆಯಿದೆ. ನೇಗಿನಹಾಳರ ಹೆಸರನ್ನು ಇನ್ನೂ ಹೆಚ್ಚು ಜನ ಬಲ್ಲಂತಾಗಬೇಕು ಎಂಬುದು ನನ್ನ ಆಸೆ.

ಎಲೆ ಕಳಚಿಕೊಂಡೇ ಯಾಕೆ ಹೂ ಬಿಡಬೇಕು? ಮಳೆಯಿಲ್ಲದ ದಿನಗಳಲ್ಲಿ ಎಲೆಯಿಂದ ಆವಿಯಾಗಿ ಹೋಗುವ ನೀರು ಎಲೆ ಉದುರಿದ ಮೇಲೆ ಕಾಂಡದಲ್ಲೇ ಉಳಿಯುತ್ತದೆ. ಆ ಪಸೆಗೆ ಮೊಗ್ಗು ಬಿರಿಯುತ್ತದೆ. ಅಡ್ಡ ಎಲೆಯಿಲ್ಲದ್ದರಿಂದ ಜೇನುಹುಳಕ್ಕೆ ದೂರದಿಂದಲೇ ಗುರುತು. ಆಮೇಲೆ ಉದ್ದನೆಯ ಕಾಯಿ ಒಡೆದು, ತೆಳು ರೆಕ್ಕೆಯ ಬೀಜಗಳು ಗಾಳಿಗೆ ಹಾರುತ್ತವೆ. ಅವು ನೆಲ ಸೇರುವಾಗ ಮಳೆಗಾಲ ದೂರವಿರುವುದಿಲ್ಲ.

ಆ ಬೀಜ ಬೀಳಲು ಮಣ್ಣಾದರೂ ಎಲ್ಲಿದೆ ಎಂಬುದು ನನ್ನ ನೋವು. ಬುಡದ ಸುತ್ತ ಒಂದು ಗೇಣು ಬಿಡದೆ ಕಾಂಕ್ರೀಟು ಸುರಿದಿದ್ದಾರೆ. ಎದುರು ಸಾಲಿನಲ್ಲಿ ರಸ್ತೆ ಅಗಲಕ್ಕೆಂದು ಎರಡು ಮರ ಕಡಿದು ನಾಲ್ಕು ವರ್ಷವಾಯಿತು; ಅಲ್ಲಿ ಮಾತ್ರ ಹೂವಿನ ಸರದಿ ತಪ್ಪಿದೆ.

ಗೇಟಿನ ಪಕ್ಕದ ಹೊಂಗೆ ಈಗ ಮಿರಮಿರ ಚಿಗುರಿದೆ. ಅದು ಇಲ್ಲಿಯದೇ ಮರ, ಯಾರೂ ಹಡಗಿನಲ್ಲಿ ತಂದಿದ್ದಲ್ಲ. ಯುಗಾದಿಗೆ ಅದರ ಹೂ ಅರಳು ಚೆಲ್ಲಿದ ಹಾಗೆ ಬುಡದಲ್ಲಿ ಹರಡುತ್ತದೆ, ಗುಲಾಬಿ ಗುಡ್ಡೆಯ ಪಕ್ಕದಲ್ಲೇ.