ತೋಳಿನಲ್ಲೊಂದು ರೂಪ, ನಡುವೆ ಇನ್ನೊಂದು

ಪ್ರಶ್ನೆ: ಸುರುಳಿ ಗ್ಯಾಲಕ್ಸಿಯ ತೋಳುಗಳಲ್ಲೂ ಅವುಗಳ ನಡುವಿನ ಜಾಗದಲ್ಲೂ ಅಣುರೂಪದ ಅನಿಲ ಒಂದೇ ರೀತಿ ಇರುತ್ತದೆಯೇ?

ಉತ್ತರ: ಇಲ್ಲ. 1845ರಲ್ಲಿ ಲಾರ್ಡ್ ರೋಸ್ ಮೊದಲ ಬಾರಿಗೆ ಸುರುಳಿಯಾಕಾರ ಗುರುತಿಸಿದ ಎಂ51 ಗ್ಯಾಲಕ್ಸಿಯನ್ನೇ ನೋಡಿ. ಈ ಅನಿಲದ ಬಹುಪಾಲಾದ ತಣ್ಣನೆಯ ಹೈಡ್ರೋಜನ್ ಅಣು ನೇರವಾಗಿ ಕಾಣುವುದಿಲ್ಲ. ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ ಸೂಸುವ 2.6 ಮಿಲಿಮೀಟರ್ ರೇಡಿಯೋ ಅಲೆಯೇ ಸುಳಿವು. ಆ ಅಲೆಯಿಂದ ಬಿಡಿಸಿದ ಎಂ51ರ ನಕ್ಷೆಯಲ್ಲಿ ತೋಳಿನುದ್ದಕ್ಕೂ ಸೂರ್ಯನ ಕೋಟಿ ಪಟ್ಟು ತೂಗುವ ಮೋಡಕೂಟಗಳಿವೆ. ನಡುವಿನ ಜಾಗದಲ್ಲಿ ಚಿಕ್ಕ ಮೋಡಗಳು, ಗರಿಯಂಥ ಎಳೆಗಳು.

ತೋಳು ಸ್ಥಿರ ವಸ್ತುವಲ್ಲ, ಟೋಲ್ ಗೇಟಿನ ವಾಹನದಟ್ಟಣೆಯಂತೆ: ಅನಿಲ ಬಂದು ಒತ್ತರಿಸುತ್ತದೆ, ಮುಂದೆ ಸಾಗುತ್ತದೆ. ಹೊರಬಿದ್ದ ಮೋಡಕೂಟವನ್ನು ಗ್ಯಾಲಕ್ಸಿಯ ಅಸಮ ತಿರುಗುವಿಕೆ ಎಳೆದು ಹರಿದುಹಾಕುತ್ತದೆ. ನನಗೆ ಅತ್ಯಂತ ಸೋಜಿಗವೆನಿಸುವುದು ಇದು: ಕೂಟ ಚೂರಾದರೂ ಅಣುಗಳು ಬಹುಪಾಲು ಒಡೆಯುವುದಿಲ್ಲ. ಆದರೂ ಹೊಸ ನಕ್ಷತ್ರಗಳು ಹೆಚ್ಚಾಗಿ ಹುಟ್ಟುವುದು ತೋಳುಗಳಲ್ಲೇ.