ಎದುರು ಬಂದ ಬೆಳಕು

ಅರಸೀಕೆರೆ ಜಂಕ್ಷನ್ನಿನಲ್ಲಿ ನಿಲ್ಲದೆ ಹೋಗುವ ಗಾಡಿಯೊಂದು ಹಾರ್ನ್ ಹಾಕುತ್ತಾ ಬಂದರೆ ಸದ್ದು ಕೀರಲಾಗಿ ಕೇಳುತ್ತದೆ. ನಮ್ಮನ್ನು ದಾಟಿದ ಕೂಡಲೇ ಅದೇ ಸದ್ದಿನ ದನಿ ದಪ್ಪವಾಗುತ್ತದೆ. ಎದುರಾಗಿ ಬರುವಾಗ ಅಲೆಗಳು ಒತ್ತೊತ್ತಾಗುತ್ತವೆ, ದೂರ ಸರಿಯುವಾಗ ಸಡಿಲಾಗುತ್ತವೆ. ಲೇಸರ್ ಬೆಳಕಿನಿಂದ ಎಕ್ಸ್-ರೇ ಪಡೆಯುವ ಉಪಾಯದ ಜೀವಾಳವೂ ಇದೇ.

ನಿರ್ವಾತ ಕೊಳವೆಯಲ್ಲಿ 5 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪದಲ್ಲಿ ಓಡುತ್ತಿವೆ ಎನ್ನಿ. ಎದುರಿನಿಂದ ಅವಕೆಂಪು ಲೇಸರ್ ಬೆಳಕು ಬಿಟ್ಟರೆ, ಎಲೆಕ್ಟ್ರಾನಿನ ಪಾಲಿಗೆ ಅದರ ಅಲೆ ಹೆಚ್ಚುಕಡಿಮೆ 200 ಪಟ್ಟು ಒತ್ತಾಗಿರುತ್ತದೆ. ಎಲೆಕ್ಟ್ರಾನ್ ಆ ಬೆಳಕನ್ನು ಚದುರಿಸುತ್ತದೆ. ಈಗ ಎಲೆಕ್ಟ್ರಾನೇ ಹಾರ್ನ್ ಹಾಕುತ್ತಾ ನಮ್ಮತ್ತ ಬರುವ ಗಾಡಿ. ಹಾಗಾಗಿ ನಮಗೆ ಅದು ಮತ್ತೊಮ್ಮೆ ಅಷ್ಟೇ ಪಟ್ಟು ಒತ್ತಾಗಿ ಸಿಗುತ್ತದೆ. ಎರಡೂ ಸೇರಿ ಸುಮಾರು 38,000 ಪಟ್ಟು! ಒಂದು ಎಲೆಕ್ಟ್ರಾನ್ ವೋಲ್ಟಿಗಿಂತ ತುಸು ಹೆಚ್ಚು ಶಕ್ತಿಯಿದ್ದ ಫೋಟಾನ್ 45,000 ಎಲೆಕ್ಟ್ರಾನ್ ವೋಲ್ಟಿನ ಎಕ್ಸ್-ರೇ ಆಗುತ್ತದೆ. ಎಲೆಕ್ಟ್ರಾನಿನ ವೇಗ ಬದಲಿಸಿದರೆ ಎಕ್ಸ್-ರೇಯ ಶಕ್ತಿಯೂ ಬದಲಾಗುತ್ತದೆ.

1923ರಲ್ಲಿ ಭೌತವಿಜ್ಞಾನಿ ಕಾಂಪ್ಟನ್ ವಿವರಿಸಿದ್ದು ಇದರ ತಿರುವುಮುರುವು: ಎಕ್ಸ್-ರೇ ಎಲೆಕ್ಟ್ರಾನಿಗೆ ಬಡಿದು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೆ ಸರಿಸಾಟಿಯಾದ ಬದಲಾವಣೆಯನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹುಡುಕಿದ ಸಿ.ವಿ. ರಾಮನ್, ತಮ್ಮ 'ಹೊಸ ವಿಕಿರಣ'ದ ಬಗ್ಗೆ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲೇ ಉಪನ್ಯಾಸ ಕೊಟ್ಟರು. ಚದುರುವ ಬೆಳಕು ಅಣುವಿಗೆ ಶಕ್ತಿ ಕೊಡಬಹುದು, ಅಣುವಿನಿಂದ ಪಡೆಯಲೂಬಹುದು ಎಂಬುದು ರಾಮನ್ ಪರಿಣಾಮದಲ್ಲೇ ಇದೆ. ನಮ್ಮ ಲೇಸರ್ ಉಪಾಯದಲ್ಲಿ ಕೊಡುಗೈ ದಾನಿ ಎಲೆಕ್ಟ್ರಾನ್.

ಕಷ್ಟವಿರುವುದು ಢಿಕ್ಕಿಯಲ್ಲಿ. ಬಹುಪಾಲು ಫೋಟಾನುಗಳು ಯಾವ ಎಲೆಕ್ಟ್ರಾನನ್ನೂ ತಾಕದೆ ಹಾದುಹೋಗುತ್ತವೆ. ಅದಕ್ಕೇ ಎರಡನ್ನೂ ಕೂದಲೆಳೆಯಷ್ಟು ಸಣ್ಣಗೆ ಹಿಂಡಿ, ಬೆಳಕನ್ನು ಕನ್ನಡಿಗಳ ನಡುವೆ ಕೂಡಿಟ್ಟು, ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಸುತ್ತಿಸಿ, ಮತ್ತೆ ಮತ್ತೆ ಭೇಟಿ ಮಾಡಿಸಬೇಕು. ಇಷ್ಟಾದರೂ ಯಂತ್ರ ಒಂದು ಹಾಲ್‌ನಲ್ಲಿ ಹಿಡಿಸುತ್ತದೆ. ಎಕ್ಸ್-ರೇ ಕೊಡುವ ದೊಡ್ಡ ಯಂತ್ರವಾದ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ ಸುತ್ತಳತೆಯೇ 172 ಮೀಟರ್! ಜರ್ಮನಿಯ ಮ್ಯೂನಿಕ್ ಬಳಿ ಇಂಥ ಚಿಕ್ಕ ಯಂತ್ರ ನಡೆಯುತ್ತಿದೆ. ಫ್ರಾನ್ಸಿನ ಓರ್ಸೆಯಲ್ಲಿ ಥಾಮ್‌ಎಕ್ಸ್ ಎಂಬುದನ್ನು ಕಟ್ಟುವಾಗ ಪುರಾತನ ಕಲಾಕೃತಿಗಳ ಪರೀಕ್ಷೆಯೂ ಉದ್ದೇಶವಾಗಿತ್ತು.

ಅದನ್ನು ಓದಿದಾಗ ನನ್ನ ಮನಸ್ಸು ಅರಸೀಕೆರೆಯಿಂದ ಬಸ್ಸು ಹತ್ತಿ ಹಳೇಬೀಡು, ಬೇಲೂರಿಗೆ ಹೋಯಿತು. ಅಲ್ಲಿನ ಗುಡಿಗಳದು ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು. ಅದರಿಂದಲೇ 1117ರ ಚೆನ್ನಕೇಶವ ಗುಡಿಯ ಮದನಿಕೆಯರ ಒಡವೆಗಳು ಅಷ್ಟು ನವುರು. ಗೋಡೆಗಂಟಿದ ಮೂರ್ತಿಯನ್ನು 45,000 ಎಲೆಕ್ಟ್ರಾನ್ ವೋಲ್ಟಿನ ಕಿರಣ ತೂರಿ ಹೋಗಲಾರದು. ಆದರೆ ತಾನಾಗಿ ಕಳಚಿಬಿದ್ದ ಉಗುರಗಲದ ಚಕ್ಕೆಯೊಂದು ಸಿಕ್ಕರೆ ಸಾಕು, ಅದನ್ನು ಒಡೆಯದೆ, ಅರೆಯದೆ, ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳ ಪದರಗಳ ನಡುವೆ ಬಿರುಕು ಯಾವ ದಾರಿ ಹಿಡಿದಿದೆ ಎಂದು ನೋಡಬಹುದು.