ಗುಂಡು ಹಗುರಾದರೆ ಗುರಿ ಏನಾಗುತ್ತದೆ?

ದೊಡವಾಡದ ಸುತ್ತಿನ ಎರೆಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ಹಕ್ಕಿ ಕಾಯುವ ಕೆಲಸ ಶುರುವಾಗುತ್ತದೆ. ಎರೆಮಣ್ಣಿನಲ್ಲಿ ಕಲ್ಲು ಸಿಗುವುದು ಕಷ್ಟ. ಕವಣೆ ಬೀಸುವವರು ಹಳ್ಳಕ್ಕೆ ಹೋಗಿ ಆರಿಸಿ ತರಬೇಕು. ಆ ಆರಿಸುವ ರೀತಿಯನ್ನು ನೋಡಬೇಕು. ಚಪ್ಪಟೆ ಕಲ್ಲನ್ನು ಮುಟ್ಟುವುದಿಲ್ಲ. ತೀರ ಸಣ್ಣದನ್ನು ಎತ್ತಿ ಮತ್ತೆ ಬಿಸಾಡುತ್ತಾರೆ. ನಿಂಬೆಹಣ್ಣಿನ ಗಾತ್ರದ ದುಂಡು ಕಲ್ಲುಗಳನ್ನು ಅಂಗೈಯಲ್ಲಿ ತೂಗಿ ನೋಡಿ, ಒಂದಕ್ಕೊಂದು ಸರಿಹೊಂದುವಂಥವನ್ನು ಮಾತ್ರ ಉಡಿಗೆ ಹಾಕಿಕೊಳ್ಳುತ್ತಾರೆ. ಸಣ್ಣ ಕಲ್ಲು ಕವಣೆಯಿಂದ ಜೋರಾಗಿಯೇ ಹೊರಡುತ್ತದೆ, ಆದರೆ ಆಚೆ ಬದುವಿನ ತನಕ ಆ ಜೋರು ಉಳಿಯುವುದಿಲ್ಲ. ಬಂದೂಕಿನ ಗುಂಡಿನ ವಿಜ್ಞಾನದ ಮುಕ್ಕಾಲು ಪಾಲು ಈ ಆಯ್ಕೆಯಲ್ಲೇ ಅಡಗಿದೆ.

ಅಮೆರಿಕದಲ್ಲಿ ಬೇಟೆಯ ಹವ್ಯಾಸಿಗಳು ತಮ್ಮ ರೈಫಲ್ಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದುಂಟು. ಹಗುರ ಗುಂಡು ಹಾಕಿ ವೇಗ ಗಿಟ್ಟಿಸಿಕೊಂಡು, ಗುರಿಯನ್ನೂ ಕೆಡದಂತೆ ನೋಡಿಕೊಳ್ಳುವುದು ಹೇಗೆಂಬುದು ಅವರ ಮುಗಿಯದ ಚರ್ಚೆ. ನಮ್ಮಲ್ಲಿ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಲ್ಲಿಸಿದೆ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇನ್ನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಸಿಡಿದ ಪ್ರತಿಯೊಂದು ಗುಂಡನ್ನೂ ಹಾರಿಸುವವನೇ ಕೈಯಾರೆ ತುಂಬುತ್ತಿದ್ದ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದಿನ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನನ್ನು ಉರುಳಿಸಿದ್ದು ಅಮಟೂರ ಬಾಳಪ್ಪನ ಗುಂಡು ಎಂದು ಬೈಲಹೊಂಗಲದ ಕಡೆಯ ಮಂದಿಯ ಮಾತು. ಆ ಕಾಲದ ತುಪಾಕಿಯಲ್ಲಿ ಗುರಿ ಕಟ್ಟುವುದು ಎಷ್ಟು ಕಷ್ಟವಿತ್ತು ಎಂಬುದನ್ನು ತಿಳಿದರೆ ಆ ಹೊಡೆತದ ಬೆಲೆ ಗೊತ್ತಾಗುತ್ತದೆ. ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕನ್ನೇ ತೆಗೆದುಕೊಳ್ಳಿ. ಅದರ ನಳಿಗೆಯ ಒಳ ಅಗಲ ಸುಮಾರು 19 ಮಿಲಿಮೀಟರ್, ಒಳಗೆ ಹಾಕುವ ಸೀಸದ ಗುಂಡು ಸುಮಾರು 17.5 ಮಿಲಿಮೀಟರ್. ಕಾಗದದ ಸುರುಳಿಯನ್ನು ಹಲ್ಲಿನಿಂದ ಹರಿದು, ಚೂರು ಮದ್ದನ್ನು ಬಟ್ಟಲಿಗೆ ಹಾಕಿ, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಮದ್ದಿನ ಮಸಿ ಒಳಗೆ ಕಟ್ಟಿಕೊಂಡರೂ ಮುಂದಿನ ಗುಂಡು ಸಲೀಸಾಗಿ ಇಳಿಯಲಿ ಎಂದೇ ಅಷ್ಟು ಸಡಿಲ ಇಟ್ಟಿದ್ದರು. ಆ ಸಡಿಲಿಕೆಯಿಂದಾಗಿ ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ಬಡಿಯುತ್ತ ಹೊರಬರುತ್ತಿತ್ತು. ಕೊನೆಯ ಬಡಿತ ಎಡಕ್ಕೆ ತಾಗಿದರೆ ಒಂದು ಕಡೆ ಗಿರಕಿ, ಬಲಕ್ಕೆ ತಾಗಿದರೆ ಇನ್ನೊಂದು ಕಡೆ. ಗಿರಕಿ ಹೊಡೆಯುವ ಗುಂಡು ಗಾಳಿಯಲ್ಲಿ ನೆಟ್ಟಗೆ ಹೋಗದು.

ಇದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹಾರಿಸಿದ. ಗುಂಡು ಮೊದಲು ಎಡಕ್ಕೆ ಹೊರಟು, ಆಮೇಲೆ ಬಾಗಿ ಬಲಕ್ಕೆ ದಾಟಿತು. ಸಾಲಾಗಿ ತೂಗುಹಾಕಿದ್ದ ಕಾಗದದ ತೆರೆಗಳಲ್ಲಿ ಬಿದ್ದ ತೂತುಗಳೇ ಸಾಕ್ಷಿ. ಗುಂಡಿನ ವೇಗ ಅಳೆಯಲು ಅವನು ತೂಗುವ ಮರದ ದಿಮ್ಮಿಗೆ ಹೊಡೆದು, ಅದು ಎಷ್ಟು ಜೀಕಿತೆಂದು ನೋಡುವ ಉಪಾಯ ಕಂಡುಹಿಡಿದ. 1742ರಲ್ಲಿ ಅವನ ಪುಸ್ತಕ ಬಂದಾಗ ಪಂಡಿತರನ್ನು ಬೆಚ್ಚಿಬೀಳಿಸಿದ್ದು ಗಾಳಿಯ ಲೆಕ್ಕ. ವೇಗವಾಗಿ ಹೋಗುವ ತುಪಾಕಿಯ ಗುಂಡನ್ನು ಗಾಳಿ ತಡೆಯುವ ಬಲ, ಆ ಗುಂಡಿನದೇ ತೂಕದ ನೂರಕ್ಕೂ ಹೆಚ್ಚು ಪಟ್ಟು! ಅಲ್ಲಿಯವರೆಗೆ ಗಾಳಿಯನ್ನು ಲೆಕ್ಕಕ್ಕೇ ಹಿಡಿಯದವರು ಬಹಳ ಮಂದಿ ಇದ್ದರು. ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ನಮ್ಮ ದೇಶಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ಈಗ ಹಗುರ ಗುಂಡಿನ ವಿಷಯಕ್ಕೆ ಬರೋಣ. 17.5 ಮಿಲಿಮೀಟರಿನ ಸೀಸದ ಗುಂಡು ಸುಮಾರು 32 ಗ್ರಾಂ ತೂಗುತ್ತದೆ. ಅಡ್ಡಳತೆಯನ್ನು ಅರ್ಧ ಮಾಡಿದರೆ ತೂಕ ಎಂಟನೇ ಒಂದು ಪಾಲಿಗೆ, ಅಂದರೆ 4 ಗ್ರಾಮಿಗೆ ಇಳಿಯುತ್ತದೆ. ಗಾಳಿಗೆ ಎದೆಯೊಡ್ಡುವ ಅಗಲ ಮಾತ್ರ ನಾಲ್ಕನೇ ಒಂದು ಪಾಲಿಗಷ್ಟೇ ಇಳಿಯುತ್ತದೆ. ಆದ್ದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಸಣ್ಣ ಗುಂಡು ಎರಡು ಪಟ್ಟು ತಡೆ ತಿನ್ನುತ್ತದೆ. ಹಳ್ಳದ ಸಣ್ಣ ಕಲ್ಲನ್ನು ಬಿಸಾಡಿದ್ದು ಈ ಕಾರಣಕ್ಕೇ.

ಅಡ್ಡಗಾಳಿಯ ಲೆಕ್ಕ ಇನ್ನೂ ಸೊಗಸಾದದ್ದು. ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೋ ಅಷ್ಟು ಹೊತ್ತೂ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಗುರಿ ಮುಟ್ಟಲು ಬೇಕಾಗಿದ್ದ ಸಮಯಕ್ಕಿಂತ ಎಷ್ಟು ತಡವಾಯಿತೋ, ಆ ತಡವನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಸರಿದ ದೂರ ಸಿಗುತ್ತದೆ. ಬೇಗ ಹೊರಟು ಬೇಗ ಸುಸ್ತಾಗುವ ಹಗುರ ಗುಂಡು ಗುರಿಯನ್ನು ಮೊದಲೇ ಮುಟ್ಟಿದರೂ ಹೆಚ್ಚು ಸರಿದಿರಬಹುದು.

ಹಾಗಾದರೆ ಹಗುರ ಗುಂಡಿನ ಲಾಭವೇನು? ಒದೆತ ಕಡಿಮೆ. ಹತ್ತಿರದ ದೂರಕ್ಕೆ ದಾರಿ ಹೆಚ್ಚು ನೇರ. 100 ಮೀಟರನ್ನು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ದಾಟುವ ಗುಂಡು ಅಷ್ಟರಲ್ಲಿ ಸುಮಾರು 7.7 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 900ರ ವೇಗದ್ದು 6 ಸೆಂಟಿಮೀಟರ್. ನಡುವಿನ ಅಂತರ ಒಂದೂವರೆ ಬೆರಳಗಲವೂ ಇಲ್ಲ. ಇಷ್ಟಕ್ಕಾಗಿ ಅಷ್ಟೊಂದು ಪರದಾಟವೇ ಎಂದು ನನಗಂತೂ ಅನ್ನಿಸಿದೆ.

ತೊಡಕು ಇರುವುದು ನಳಿಗೆಯೊಳಗೆ. ರೈಫಲ್ಲಿನ ನಳಿಗೆಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಮೂತಿ ಮುಂದಾಗಿಯೇ ಇರುವಂತೆ ಮಾಡುತ್ತವೆ. ಉದ್ದ ಗುಂಡಿಗೆ ಬಿಗಿ ಸುರುಳಿ ಬೇಕು, ಗಿಡ್ಡ ಗುಂಡಿಗೆ ಸಡಿಲವಾದದ್ದು ಸಾಕು ಎಂಬ ಸೂತ್ರವನ್ನು 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞ ಕೊಟ್ಟ. ಒಂದೇ ನಳಿಗೆಗೆ 12 ಗ್ರಾಂ ಬದಲು 8 ಗ್ರಾಂ ಗುಂಡು ಹಾಕಿದರೆ ಅದು ಗಿಡ್ಡವಾಗಲೇಬೇಕು, ಅಗಲ ಬದಲಾಗುವಂತಿಲ್ಲವಲ್ಲ! ಗಿಡ್ಡ ಗುಂಡಿನ ಮೂತಿ ಗೀರುಗಳು ಶುರುವಾಗುವ ಜಾಗದಿಂದ ದೂರ ಉಳಿಯುತ್ತದೆ. ಸಿಡಿದಾಗ ಆ ಖಾಲಿ ಜಾಗವನ್ನು ಹಾರಿ ಹೋಗಿ ಗೀರಿಗೆ ಕಚ್ಚಬೇಕು. ಹಾರುವಾಗ ಕೂದಲೆಳೆಯಷ್ಟು ಓರೆಯಾದರೂ ಓರೆಯಾಗಿಯೇ ಕಚ್ಚಿಕೊಳ್ಳುತ್ತದೆ, ಕೊನೆತನಕ ತೊನೆಯುತ್ತ ಹೋಗುತ್ತದೆ.

ಇನ್ನೊಂದು ವಿಚಿತ್ರವೂ ಇದೆ. ಗುಂಡು ಇನ್ನೂ ಒಳಗಿರುವಾಗಲೇ ಒದೆತದಿಂದ ನಳಿಗೆಯ ಬಾಯಿ ಮೇಲೇಳತೊಡಗುತ್ತದೆ. ಹಗುರ ಗುಂಡು ಬೇಗ ಹೊರಬೀಳುವುದರಿಂದ ಬಾಯಿ ಅಷ್ಟು ಎದ್ದಿರುವುದಿಲ್ಲ. ಹೀಗಾಗಿ ಹತ್ತಿರದ ಗುರಿಯಲ್ಲಿ ವೇಗದ ಗುಂಡೇ ಕೆಳಗೆ ಬಿದ್ದು, ನಿಧಾನದ ಭಾರದ ಗುಂಡು ಮೇಲೆ ಬೀಳುವುದೂ ಉಂಟು.

ಇಷ್ಟೆಲ್ಲ ಆದ ಮೇಲೂ ಗುರಿಯನ್ನು ಕಾಯುವುದು ಗುಂಡಿನ ತೂಕವಲ್ಲ, ಒಂದು ತೋಟಾ ಇನ್ನೊಂದರ ಹಾಗೇ ಇರುವುದು. ಮದ್ದನ್ನು ತೂಗಲು ಮನೆಯಲ್ಲಿ ತೋಟಾ ತುಂಬುವ ಆ ಹವ್ಯಾಸಿಗಳು ಬಳಸುವ ಗ್ರೇನ್ ಎಂಬ ಅಳತೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ಅದರ ಹತ್ತನೇ ಒಂದು ಪಾಲನ್ನೂ ಅವರು ಬಿಡುವುದಿಲ್ಲ. ಮದ್ದು ಹೆಚ್ಚುಕಡಿಮೆಯಾದರೆ ವೇಗ ಬದಲಾಗುತ್ತದೆ, ಹೊರಬೀಳುವ ಗಳಿಗೆಯೂ ಬದಲಾಗುತ್ತದೆ. 1824ರ ಡಿಸೆಂಬರಿನಲ್ಲಿ ಕಿತ್ತೂರು ಸೋತಾಗ ದ್ರೋಹಿಗಳು ಮದ್ದಿಗೆ ಮಣ್ಣು, ಸೆಗಣಿ ಬೆರೆಸಿದ್ದರು ಎಂದು ಜನ ಇಂದಿಗೂ ಹೇಳುತ್ತಾರೆ. ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣಕ್ಕೆ ಅಷ್ಟು ಕಲಬೆರಕೆಯೂ ಬೇಕಿಲ್ಲ. ಥಂಡಿ ಹಿಡಿದರೆ ಸಾಕು, ಒಂದು ಗುಂಡು ಹಾರಿ ಇನ್ನೊಂದು ಕೆಮ್ಮುತ್ತದೆ.

ನಮ್ಮ ರಾಜ್ಯದಲ್ಲಿ ಹಗುರ ಗುಂಡನ್ನು ಕಾನೂನಿನೊಳಗೇ ನೋಡಬೇಕೆಂದರೆ ಕೊಡಗಿಗೆ ಹೋಗಬಹುದು. ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ಬಳಸುವ ಪಾಯಿಂಟ್ ಟೂಟೂ ರೈಫಲ್ಲಿನ ಗುಂಡು ಸಾಮಾನ್ಯವಾಗಿ 2.6 ಗ್ರಾಂ. ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಯಲ್ಲೂ ಇದೇ ಬಗೆಯ ತೋಟಾ, ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಈ ತೋಟಾವನ್ನು ಮನೆಯಲ್ಲಿ ಮತ್ತೆ ತುಂಬಲು ಬರುವುದಿಲ್ಲ, ಕಿಡಿಮದ್ದು ಅದರ ಅಂಚಿನೊಳಗೇ ಕೂತಿರುತ್ತದೆ. ಹಾಗಾಗಿ ಸ್ಪರ್ಧಿಗಳು ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು, ಒಂದೇ ಕಂಪನಿಯ ಬೇರೆಬೇರೆ ಲಾಟಿನ ತೋಟಾಗಳನ್ನು ಸರದಿಯಂತೆ ಹಾರಿಸುತ್ತಾರೆ. ಪೆಟ್ಟಿಗೆಯ ಮೇಲೆ ಬರೆದ ತೂಕ, ಹೆಸರು ಎಲ್ಲ ಒಂದೇ ಇದ್ದರೂ ತೂತುಗಳು ಒಂದೆಡೆ ಸೇರುವುದು ಯಾವುದೋ ಒಂದೆರಡು ಲಾಟಿನಲ್ಲಿ. ಆ ಲಾಟಿನ ನಂಬರು ಬರೆದುಕೊಂಡು, ಮುಗಿದುಹೋಗುವ ಮೊದಲೇ ವರ್ಷಕ್ಕಾಗುವಷ್ಟು ಪೆಟ್ಟಿಗೆಗಳನ್ನು ಕೊಂಡಿಟ್ಟುಕೊಳ್ಳುತ್ತಾರೆ.